ಸಂತೆಯೊಳಗಿನ ನಿದ್ದೆ

ಏಪ್ರಿಲ್ ಬಂತೆಂದರೆ ರಾಯಚೂರಿನ ನಿದ್ದೆ ಮಾಳಿಗೆ ಹತ್ತುತ್ತದೆ. ಹಗಲೆಲ್ಲ 42, 43 ಡಿಗ್ರಿ ಬಿಸಿಲು ಕುಡಿದ ಗೋಡೆಗಳು ರಾತ್ರಿ ಹತ್ತರ ಮೇಲೆ ಅದನ್ನು ಮನೆಯೊಳಕ್ಕೆ ಬಿಡಲು ಶುರು ಮಾಡುತ್ತವೆ. ಫ್ಯಾನು ಅದೇ ಬಿಸಿಗಾಳಿಯನ್ನು ಸುತ್ತಿಸಿ ಸುತ್ತಿಸಿ ನಮ್ಮ ಮೇಲೇ ಹಾಕುತ್ತದೆ. ಆಗ ಕೌದಿ, ಚಾಪೆ, ತಂಬಿಗೆ ನೀರು ಹಿಡಿದು ಇಡೀ ಸಂಸಾರ ಮೇಲಕ್ಕೆ. ಸಂಜೆಯೇ ಎರಡು ಕೊಡ ನೀರು ಚೆಲ್ಲಿ ಕಾವು ಇಳಿಸಿಟ್ಟಿರಬೇಕು, ಇಲ್ಲದಿದ್ದರೆ ಬೆನ್ನು ಹಂಚಿನ ಮೇಲಿನ ರೊಟ್ಟಿಯೇ ಸೈ. ಆಚೆ ಮಾಳಿಗೆಯ ಗೊರಕೆ ಯಾರದು, ಈಚೆ ಮಾಳಿಗೆಯ ಕೆಮ್ಮು ಯಾರದು ಎಂದು ಕತ್ತಲಲ್ಲೇ ಹೇಳಬಹುದು. ಓಣಿಯ ಗುಟ್ಟುಗಳು ಬೇಸಿಗೆಯಲ್ಲಿ ಉಳಿಯುವುದಿಲ್ಲ.

ಮಾಳಿಗೆಯಿಂದ ಒಂದು ಅನುಕೂಲವಿದೆ. ನಿದ್ದೆ ಬಾರದವನಿಗೂ ಅಲ್ಲಿ ಕೆಲಸ ಸಿಗುತ್ತದೆ. ಗೋಡೆಯಂಚಿಗೆ ಬಂದು ಬಗ್ಗಿ ನೋಡಿದರೆ ಕೆಳಗೆ ಮಲಗಿದವರ ದೊಡ್ಡ ಮೇಳವೇ ಕಾಣುತ್ತದೆ. ಯಾರೋ ಮನೆ ಕಟ್ಟಿಸಲು ತರಿಸಿದ ಉಸುಕಿನ ರಾಶಿಯಲ್ಲಿ ಗುಂಡಿ ತೋಡಿಕೊಂಡ ನಾಯಿ, ಆಟೋದ ಕೆಳಗೆ ಇನ್ನೊಂದು, ಗಟಾರದ ಪಕ್ಕ ಮೈಗೆ ಮೈ ಒತ್ತಿಕೊಂಡ ಹಂದಿಗಳು, ರಸ್ತೆಯ ನಟ್ಟನಡುವೆ ಮೆಲುಕು ಹಾಕುತ್ತ ಕೂತ ದನ. ‘ಚಿಂತಿಲ್ಲದವಗ ಸಂತ್ಯಾಗ ನಿದ್ದಿ’ ಎಂದು ಗಾದೆ ಕಟ್ಟಿದವರು ಮನುಷ್ಯರನ್ನಷ್ಟೇ ನೋಡಿರಬೇಕು. ಸಂತೆಯಲ್ಲಿ ಮಲಗಿದ ಪ್ರಾಣಿಗೆ ಚಿಂತೆ ಇದ್ದೇ ಇರುತ್ತದೆ. ತನ್ನ ಪರವಾಗಿ ಇನ್ನಾರೋ ಎದ್ದಿದ್ದಾರೆ ಎಂಬ ಭರವಸೆ ಎಷ್ಟಿದೆಯೋ ಅಷ್ಟೇ ಅದರ ನಿದ್ದೆ. ಇದು ನನ್ನ ಸಿದ್ಧಾಂತ. ಪ್ರಾಣಿಶಾಸ್ತ್ರ ಓದಿದವನಲ್ಲವಾದ್ದರಿಂದ ಇದನ್ನು ಮಾಳಿಗೆಶಾಸ್ತ್ರ ಅಂದುಕೊಳ್ಳಬಹುದು.

ಮೊದಲು ನಾಯಿ. ವಿದ್ಯಾರ್ಥಿಗೆ ಇರಬೇಕಾದ ಐದು ಲಕ್ಷಣ ಹೇಳುವ ಸಂಸ್ಕೃತ ಶ್ಲೋಕದಲ್ಲಿ ನಾಯಿಯ ನಿದ್ದೆಯೂ ಒಂದು. ಶಾಲೆಯಲ್ಲಿ ಇದನ್ನು ಬಾಯಿಪಾಠ ಮಾಡಿಸುತ್ತಿದ್ದ ಮಾಸ್ತರರು ಮಧ್ಯಾಹ್ನದ ಪೀರಿಯಡ್ಡಿನಲ್ಲಿ ಕುರ್ಚಿಯಲ್ಲೇ ಬೇರೆ ಥರದ ನಿದ್ದೆಯ ಮಾದರಿ ತೋರಿಸುತ್ತಿದ್ದರು, ಅದಿರಲಿ. ಶ್ಲೋಕ ಬರೆದವರಿಗೆ ನಾಯಿಯ ಅರ್ಧ ವಿಷಯ ಮಾತ್ರ ಗೊತ್ತಿತ್ತು. ಸಣ್ಣ ಸಪ್ಪಳಕ್ಕೂ ಕಿವಿ ಎತ್ತುತ್ತದೆ ನಿಜ. ಆದರೆ ಹೀಗೆ ತುಂಡು ತುಂಡಾಗಿ ಮಲಗುವ ನಾಯಿ ದಿನದ ಒಟ್ಟು ಲೆಕ್ಕದಲ್ಲಿ ಹತ್ತು ಗಂಟೆ ದಾಟಿಸುತ್ತದೆ. ಪರೀಕ್ಷೆಗೆ ಓದುವ ಹುಡುಗ ಅದನ್ನು ಅನುಸರಿಸಿದರೆ ಮನೆಯವರು ಸುಮ್ಮನಿರುತ್ತಾರೆಯೇ? ಉಸುಕಿನ ರಾಶಿಯ ನಾಯಿಯನ್ನು ನೋಡುತ್ತ ಕೂತರೆ ಇನ್ನೂ ಒಂದು ಸಂಗತಿ ಕಾಣುತ್ತದೆ. ಮಲಗಿ ಸ್ವಲ್ಪ ಹೊತ್ತಿನ ಮೇಲೆ ಮುಚ್ಚಿದ ರೆಪ್ಪೆಯ ಕೆಳಗೆ ಕಣ್ಣುಗುಡ್ಡೆ ಆಡುತ್ತದೆ, ಮೀಸೆ ಅದುರುತ್ತದೆ, ಮುಂಗಾಲು ಗಾಳಿಯಲ್ಲಿ ಓಡುತ್ತದೆ, ಗಂಟಲಿನಿಂದ ಅರ್ಧ ಬೊಗಳು ಹೊರಡುತ್ತದೆ. ಮನುಷ್ಯರಲ್ಲಿ ಹೀಗೆ ಕಣ್ಣು ಹೊರಳುವ ನಿದ್ದೆಯೊಂದು ಪ್ರತ್ಯೇಕವಾಗಿ ಇದೆ, ಕನಸು ಹೆಚ್ಚಾಗಿ ಅದರಲ್ಲೇ ಬೀಳುತ್ತದೆ ಎಂದು 1953ರಲ್ಲಿ ಶಿಕಾಗೊದಲ್ಲಿ ಅಸೆರಿನ್ಸ್ಕಿ ಮತ್ತು ಕ್ಲೀಟ್‌ಮನ್ ಎಂಬಿಬ್ಬರು ಬರೆದರು. ಆಮೇಲೆ ಅದು ಬೆಕ್ಕಿನಲ್ಲಿ, ನಾಯಿಯಲ್ಲಿ, ಹಕ್ಕಿಯಲ್ಲಿ ಸಿಕ್ಕಿತು. 2022ರಲ್ಲಿ ಜಿಗಿಯುವ ಜೇಡದಲ್ಲೂ ಅಂಥದೇ ಏನೋ ಕಂಡಿದೆ. ನಮ್ಮ ಓಣಿಯ ನಾಯಿ ಕನಸಿನಲ್ಲಿ ಯಾರನ್ನು ಅಟ್ಟುತ್ತದೆಂದು ಹೇಳಲಾರೆ. ಹಾಲಿನವನ ಬೈಕು ಎಂಬುದು ನನ್ನ ಗುಮಾನಿ.

ಹಂದಿಗೆ ಬೆವರಿ ಮೈ ತಂಪು ಮಾಡಿಕೊಳ್ಳುವ ಯೋಗ ಇಲ್ಲ, ಅದಕ್ಕೇ ರಾಡಿ. ನಾವು ಎರಡು ಕೊಡ ನೀರು ಚೆಲ್ಲಿ ಮಾಡುವ ಕೆಲಸವನ್ನು ಅದು ಗಟಾರದಲ್ಲಿ ಹೊರಳಿ ಮಾಡುತ್ತದೆ. ನಿದ್ದೆಯ ಲೆಕ್ಕದಲ್ಲೂ ಅದು ನಮಗೆ ಹತ್ತಿರದ್ದೇ, ಸುಮಾರು ಎಂಟು ಗಂಟೆ. ಈ ಹೋಲಿಕೆಯನ್ನು ಇಲ್ಲಿಗೇ ಬಿಡುವುದು ಒಳ್ಳೆಯದು.

ಕತ್ತೆ, ಕುದುರೆಗಳದು ಬೇರೆಯೇ ದಾರಿ. ಮುಂಬಯಿ ಕಡೆಯಿಂದ ಬಂದ ಹಳಿ, ಮದ್ರಾಸ್ ಕಡೆಯಿಂದ ಬಂದ ಹಳಿ 1871ರಲ್ಲಿ ಕೂಡಿದ್ದು ನಮ್ಮ ರಾಯಚೂರಿನಲ್ಲೇ. ಅಂದಿನಿಂದ ಈ ಸ್ಟೇಷನ್ನಿಗೆ ಹೊತ್ತಲ್ಲದ ಹೊತ್ತಿನಲ್ಲಿ ಗಾಡಿ ಬರುವುದು ತಪ್ಪಿಲ್ಲ. ಆಟೋ ಬರುವ ಮುಂಚೆ ಹೊರಗೆ ಟಾಂಗಾಗಳು ಸಾಲು ನಿಲ್ಲುತ್ತಿದ್ದವು. ಟಾಂಗಾದವನು ಸೀಟಿನಲ್ಲಿ ಮುದುರಿಕೊಂಡು ಮಲಗಿದರೆ ಕುದುರೆ ನಿಂತಲ್ಲೇ ಒಂದು ಹಿಂಗಾಲು ಸಡಿಲ ಬಿಟ್ಟು, ಕೆಳತುಟಿ ಜೋತುಬಿಟ್ಟು ತೂಕಡಿಸುತ್ತಿತ್ತು. ಬೀಳುವುದಿಲ್ಲವೇ ಅಂದರೆ ಇಲ್ಲ. ಹಿಂಗಾಲಿನ ಮಂಡಿಚಿಪ್ಪನ್ನು ಎಲುಬಿನ ಉಬ್ಬಿಗೆ ಸಿಕ್ಕಿಸಿ ಕಾಲಿಗೆ ಚಿಲಕ ಹಾಕಿಕೊಳ್ಳುವ ಏರ್ಪಾಡು ಅದರ ಮೈಯಲ್ಲೇ ಇದೆ. ಮಾಂಸಖಂಡಕ್ಕೆ ದಣಿವಿಲ್ಲದೆ ಗಂಟೆಗಟ್ಟಲೆ ನಿಲ್ಲಬಹುದು. ತೋಳ ಬಂದರೆ ಏಳುವ ಕೆಲಸವಿಲ್ಲ, ಓಡುವುದಷ್ಟೇ. ಆದರೆ ಕಣ್ಣು ಹೊರಳುವ ಆ ಗಾಢ ನಿದ್ದೆಯಲ್ಲಿ ಮೈಯ ಕಸುವೆಲ್ಲ ಸಡಿಲವಾಗುತ್ತದೆ, ಚಿಲಕವೂ ನಿಲ್ಲದು. ಅಂಥ ನಿದ್ದೆ ಬೇಕಾದರೆ ಕುದುರೆಯೂ ನೆಲಕ್ಕೆ ಒರಗಲೇಬೇಕು. ದಿನಕ್ಕೆ ಅರ್ಧ ಗಂಟೆಯೋ ಏನೋ ಸಾಕು ಅದಕ್ಕೆ. ಆ ಅರ್ಧ ಗಂಟೆಗೆ ಅದು ನಂಬುಗೆಯ ಜಾಗ ನೋಡುತ್ತದೆ. ಹುಲ್ಲುಗಾವಲಿನಲ್ಲಿ ಒಂದು ಕುದುರೆ ಒರಗಿದಾಗ ಪಕ್ಕದಲ್ಲಿ ಇನ್ನೊಂದು ನಿಂತಿರುವುದು ಹೆಚ್ಚು.

ಇಲ್ಲೇ ನನಗೆ 1520ರ ಮೇ ತಿಂಗಳು ನೆನಪಾಗುತ್ತದೆ. ಕೃಷ್ಣದೇವರಾಯ ರಾಯಚೂರಿನ ಕೋಟೆಗಾಗಿ ಬಿಜಾಪುರದ ಆದಿಲ್‌ಶಾಹಿಯ ಮೇಲೆ ದಂಡು ತಂದದ್ದು ಇದೇ ಬಿಸಿಲಿನಲ್ಲಿ. ಆ ಕದನದ ವಿವರ ಬರೆದಿಟ್ಟ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್‌ನ ಲೆಕ್ಕ ಕೂಡಿಸಿದರೆ ರಾಯನ ಕಡೆ ಏಳು ಲಕ್ಷ ಮೀರಿದ ಕಾಲಾಳು, 32,600 ಕುದುರೆ, 551 ಆನೆ ಆಗುತ್ತದೆ. ಏಳು ಲಕ್ಷವನ್ನು ಇತಿಹಾಸಕಾರರು ಅನುಮಾನದಿಂದ ನೋಡುತ್ತಾರೆ, ನಾನೂ ನೋಡುತ್ತೇನೆ. ಕುದುರೆ ವ್ಯಾಪಾರಿ ಕುದುರೆಯ ಲೆಕ್ಕದಲ್ಲಿ ಅಷ್ಟು ತಪ್ಪಲಾರ ಎಂದೇ ಇಟ್ಟುಕೊಳ್ಳೋಣ. ಮೂವತ್ತೆರಡು ಸಾವಿರ ಕುದುರೆ ಈ ಬಯಲಿನಲ್ಲಿ ರಾತ್ರಿ ಹೇಗೆ ಕಳೆದಿರಬೇಡ! ಸುತ್ತಲೂ ಪರಕೀಯ ವಾಸನೆ, ನಗಾರಿ, ಬೆಂಕಿ. ಒಂದೂ ನೆಲಕ್ಕೆ ಒರಗಿರಲಾರದು. ಆನೆಗಳಿಗೆ ಅಷ್ಟು ತೊಂದರೆ ಆಗಿರಲಿಕ್ಕಿಲ್ಲ. ಬೋಟ್ಸ್ವಾನಾದಲ್ಲಿ ಎರಡು ಹಿರಿಯ ಹೆಣ್ಣಾನೆಗಳಿಗೆ ಯಂತ್ರ ಕಟ್ಟಿ ಒಂದು ತಿಂಗಳು ಮೀರಿ ನೋಡಿದವರು 2017ರಲ್ಲಿ ಪ್ರಕಟಿಸಿದ ಪ್ರಕಾರ ಅವುಗಳ ನಿದ್ದೆ ದಿನಕ್ಕೆ ಸರಾಸರಿ ಎರಡೇ ಗಂಟೆ. ಅದೂ ಬಹುಪಾಲು ನಿಂತೇ. ನೆಲಕ್ಕೆ ಮಲಗುವುದು ಮೂರು ನಾಲ್ಕು ದಿನಕ್ಕೊಮ್ಮೆ. ಒಮ್ಮೊಮ್ಮೆ ಸುಮಾರು 46 ಗಂಟೆ ಕಣ್ಣು ಮುಚ್ಚದೆ ನಡೆದೇ ಇದ್ದವಂತೆ. ನಾನು ಎರಡು ಗಂಟೆ ಮಲಗಿ ಆಫೀಸಿಗೆ ಹೋದ ದಿನ ರಿಜಿಸ್ಟರಿನಲ್ಲಿ ಏನೇನು ಬರೆದಿರುತ್ತೇನೆಂದು ಬಲ್ಲವನಾದ್ದರಿಂದ ಆನೆಯ ಮೇಲೆ ಗೌರವ ಹೆಚ್ಚಿದೆ.

ಇನ್ನು ಎತ್ತು. ನಮ್ಮ ಸೀಮೆಯಲ್ಲಿ ಪ್ರಾಣಿಯ ಮಾತು ಎತ್ತಿದವರು ಎತ್ತನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಕಾರಹುಣ್ಣಿಮೆಗೆ ರಾಯಚೂರಿನ ಮುನ್ನೂರುಕಾಪು ಸಮಾಜದವರು ಮುಂಗಾರು ಹಬ್ಬ ಮಾಡುತ್ತಾರೆ. ರಾಜೇಂದ್ರ ಗಂಜಿನಲ್ಲಿ ಎತ್ತಿನ ಜೋಡಿಗಳು ಟನ್ನುಗಟ್ಟಲೆ ತೂಕದ ಕಲ್ಲು ಎಳೆಯುವುದನ್ನು ನೋಡಲು ಆಂಧ್ರ, ತೆಲಂಗಾಣದಿಂದಲೂ ಜನ ಬರುತ್ತಾರೆ. ಈ ಊರಿಗೆ ದನದಿಂದ ಕಲ್ಲು ಎಳೆಸುವ ಚಟ ಇಂದಿನದಲ್ಲ. ಕೋಟೆಯ ಗೋಡೆಯಲ್ಲಿ ನಲವತ್ತೊಂದು ಅಡಿ ಮೀರಿದ ಒಂದೇ ಕಲ್ಲಿದೆ. ಅದರ ಮೇಲೆ 1294ರ ತೆಲುಗು ಶಾಸನ, ಗೋರೆ ಗಂಗಯ್ಯ ರೆಡ್ಡಿಯ ಕಡೆಯವರು ಕೋಟೆ ಕಟ್ಟಿಸಿದ್ದನ್ನು ಹೇಳುವಂಥದು. ಪಕ್ಕದಲ್ಲೇ ಆ ಕಲ್ಲನ್ನು ಬಂಡಿಗೆ ಹೇರಿ ಕೋಣಗಳ ಸಾಲು ಎಳೆದು ತರುವ ಚಿತ್ರ ಕೊರೆದಿದ್ದಾರೆ. ಹಿಂದಿನಿಂದ ಜನ ಹಾರೆ ಮೀಟುತ್ತಿದ್ದಾರೆ. ರಾಜರ ಹೆಸರು ಬರೆಸಿದವರು ಕೋಣಗಳನ್ನೂ ಬರೆಸಿದರಲ್ಲ, ಅಷ್ಟು ಸಮಾಧಾನ. ಹಾಗೆ ಎಳೆದ ಸಂಜೆ ನೊಗ ಇಳಿಸಿದ ಮೇಲೆ ಅವು ಎಲ್ಲಿ ಮಲಗಿದವೋ.

ಎತ್ತು ಮಲಗುವುದನ್ನು ಹತ್ತಿರದಿಂದ ನೋಡಿದ್ದೀರಾ? ಮೊದಲು ನೆಲ ಮೂಸುತ್ತದೆ. ಒಂದು ಸುತ್ತು ಅತ್ತ ಇತ್ತ ತೂಗಿ ಜಾಗ ಗೊತ್ತು ಮಾಡಿಕೊಳ್ಳುತ್ತದೆ. ಆಮೇಲೆ ಮುಂಗಾಲಿನ ಮಂಡಿ ಒಂದೊಂದಾಗಿ ಊರಿ, ಒಂದು ಕ್ಷಣ ಹಾಗೇ ತಡೆದು, ಹಿಂಭಾಗವನ್ನು ಒಂದು ಮಗ್ಗುಲಿಗೆ ಧೊಪ್ಪನೆ ಬಿಡುತ್ತದೆ. ಆಗ ಮೂಗಿನಿಂದ ಉದ್ದಕ್ಕೆ ಒಂದು ಉಸಿರು ಬರುತ್ತದಲ್ಲ, ದನ ಕಟ್ಟಿದ ಮನೆಯಲ್ಲಿ ಬೆಳೆದವರಿಗೆ ಅದು ಕಿವಿಯಲ್ಲಿ ಇರುತ್ತದೆ. ಸ್ವಲ್ಪ ಹೊತ್ತಿಗೆ ಕೊರಳಿನಲ್ಲಿ ಒಂದು ಉಂಡೆ ಕೆಳಗಿನಿಂದ ಮೇಲಕ್ಕೆ ಏರುವುದು ಚರ್ಮದ ಹೊರಗಿನಿಂದಲೇ ಕಾಣುತ್ತದೆ. ದವಡೆ ಶುರುವಾಯಿತು. ಕಣ್ಣು ಅರ್ಧ ಮುಚ್ಚಿದೆ. ಇದು ನಿದ್ದೆಯೂ ಹೌದು, ಎಚ್ಚರವೂ ಹೌದು. ಫ್ರಾನ್ಸಿನ ಟೂಲೂಸಿನ ಪಶುವೈದ್ಯ ವಿಜ್ಞಾನಿ ಈವ್ ರುಕೆಬುಷ್ 1972ರಲ್ಲಿ ಹಸುಗಳ ಮಿದುಳಿನ ಅಲೆ ಅಳೆದು ಹೇಳಿದ್ದು ಇಷ್ಟು: ನಿಜವಾದ ನಿದ್ದೆ ದಿನಕ್ಕೆ ನಾಲ್ಕು ಗಂಟೆಯ ಆಸುಪಾಸು, ಈ ಮೆಲುಕಿನ ತೂಕಡಿಕೆ ಅದರ ಹೆಚ್ಚುಕಡಿಮೆ ಎರಡರಷ್ಟು, ಕಣ್ಣು ಹೊರಳುವ ನಿದ್ದೆ ಮುಕ್ಕಾಲು ಗಂಟೆ. ಆ ಮುಕ್ಕಾಲು ಗಂಟೆಯನ್ನೂ ಒಂದೇ ಸಲ ತೆಗೆದುಕೊಳ್ಳುವುದಿಲ್ಲ. ಕೊರಳು ಹಿಂದಕ್ಕೆ ತಿರುಗಿಸಿ ತಲೆಯನ್ನು ಪಕ್ಕೆಗೆ ಒರಗಿಸಿ ಕೆಲವೇ ನಿಮಿಷ ಮೆಲುಕು ನಿಲ್ಲಿಸುತ್ತದೆ. ದವಡೆ ನಿಂತು ತಲೆ ಒರಗಿತು ಅಂದರೆ ಎತ್ತು ಆ ಹೊತ್ತಿಗೆ ಲೋಕವನ್ನು ನಂಬಿದೆ ಎಂದು ತಿಳಿಯಬೇಕು.

ನಂಬುವುದು ಎಂದೆನಲ್ಲ, ಅದಕ್ಕೂ ರುಕೆಬುಷ್ ಅವರದೇ ಇನ್ನೊಂದು ಆಧಾರವಿದೆ. ರೂಢಿಯ ಕೊಟ್ಟಿಗೆಯಿಂದ ಹೊರಗೆ ಹೊಸ ಜಾಗಕ್ಕೆ ಕಟ್ಟಿದ ಸಾಕುಪ್ರಾಣಿಗಳ ನಿದ್ದೆ ಮೊದಲು ಕುಗ್ಗುತ್ತದೆ, ಕೆಲವು ದಿನ ಹೋದ ಮೇಲೆ ಮತ್ತೆ ತುಂಬಿಕೊಳ್ಳುತ್ತದೆ. ಹೊಸ ಎತ್ತು ತಂದ ರೈತರು ಮೊದಲ ರಾತ್ರಿ ಅದರ ಪಕ್ಕವೇ ಹೊರಸು ಹಾಕಿಕೊಳ್ಳುವುದು ಯಾಕೆಂದು ನಾನು ಚಿಕ್ಕಂದಿನಲ್ಲಿ ಕೇಳಿದ್ದೆ. ಕಳ್ಳರು ಬರುತ್ತಾರೆ ಅಂದಿದ್ದರು. ಕಳ್ಳರ ಭಯ ಎತ್ತಿಗೂ ಇತ್ತು ಅಂತ ಕಾಣುತ್ತದೆ.

ದನ ಮಲಗಲು ಮನುಷ್ಯ ಕಾಯುವ ಈ ಒಪ್ಪಂದ ಎಷ್ಟು ಹಳೆಯದು ಎಂಬುದಕ್ಕೆ ನಮ್ಮ ಕೃಷ್ಣಾ ದಂಡೆಯಲ್ಲೇ ಸಾಕ್ಷಿ ಬಿದ್ದಿದೆ. ದೇವದುರ್ಗದಿಂದ ತಿಂಥಣಿ ಸೇತುವೆ ದಾಟಿದರೆ ಸುರಪುರ ತಾಲ್ಲೂಕು. ಅಲ್ಲಿ ಬೂದಿಹಾಳ ಎಂಬ ಊರಿದೆ. ಹೆಸರಿಗೆ ತಕ್ಕ ಹಾಗೆ ಅಲ್ಲಿರುವುದು ಬೂದಿಯ ದಿಬ್ಬ. ಇಂಥವು ರಾಯಚೂರು, ಬಳ್ಳಾರಿ, ಕೃಷ್ಣೆಯ ಆಚೆಯ ಪಾಲಮೂರು ಸೀಮೆಯಲ್ಲೆಲ್ಲ ಇವೆ. ಯಾರ ಬೂದಿ ಎಂದು ಜನ ತಲೆಗೊಂದು ಹೇಳಿದರು. ಹಂಪಿಯ ಹತ್ತಿರ ನಿಂಬಾಪುರದ ದಿಬ್ಬ ವಾಲಿಯನ್ನು ಸುಟ್ಟ ಜಾಗ ಎಂದು ಇಂದಿಗೂ ತೋರಿಸುತ್ತಾರೆ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇದು ಸೆಗಣಿ ಸುಟ್ಟ ಬೂದಿ ಎಂದ. ಅದನ್ನು ಗಟ್ಟಿ ಮಾಡಿದವರು ಪುರಾತತ್ವಜ್ಞ ಆಲ್ಚಿನ್. ರಾಯಚೂರಿಗೆ ಹತ್ತಿರದ ಉಟ್ನೂರಿನಲ್ಲಿ 1957ರಲ್ಲಿ ಅಗೆದಾಗ ಅವರಿಗೆ ಸಿಕ್ಕಿದ್ದು ಮರದ ಕಂಬ ನೆಟ್ಟು ಸುತ್ತ ಬೇಲಿ ಕಟ್ಟಿದ್ದ ದೊಡ್ಡ ದೊಡ್ಡಿ. ವರ್ಷಗಟ್ಟಲೆ ಸೆಗಣಿ ತುಂಬಿದ ಮೇಲೆ ಬೆಂಕಿ, ಮತ್ತೆ ಬೇಲಿ, ಮತ್ತೆ ಸೆಗಣಿ, ಮತ್ತೆ ಬೆಂಕಿ. ಆ ಪದರಗಳ ನಡುವೆ ದನದ ಗೊರಸಿನ ಗುರುತುಗಳು ಹಾಗೇ ಉಳಿದಿದ್ದವು. ನಾಲ್ಕು ಸಾವಿರ ವರ್ಷಕ್ಕೂ ಮೀರಿದ ಗೊರಸು! ಬೂದಿಹಾಳವನ್ನು ಆಮೇಲೆ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅಗೆದರು. ದನ ಕೂಡಿಹಾಕಿದ ಜಾಗ ಬೇರೆ, ಜನರ ಮನೆಗಳು ಬೇರೆ, ಆದರೆ ಒಂದರ ಪಕ್ಕ ಒಂದು ಎಂಬುದು ಅಲ್ಲಿ ಕಂಡಿತು.

ಸೆಗಣಿಯನ್ನು ಯಾಕೆ ಸುಡುತ್ತಿದ್ದರು ಎಂಬುದರ ಮೇಲೆ ವಿದ್ವಾಂಸರು ಇನ್ನೂ ಮಾತಾಡುತ್ತಿದ್ದಾರೆ. ನನ್ನನ್ನು ಹಿಡಿದು ನಿಲ್ಲಿಸುವುದು ಆ ಬೇಲಿ. ಹಗಲು ದನ ಮನುಷ್ಯನಿಗಾಗಿ ಏನೇನು ಮಾಡಿತು ಎಂಬುದನ್ನು ಎಲ್ಲ ಪುಸ್ತಕಗಳೂ ಹೇಳುತ್ತವೆ. ರಾತ್ರಿ ಮನುಷ್ಯ ದನಕ್ಕೆ ಕೊಟ್ಟದ್ದೇನು? ಬೇಲಿ ಮತ್ತು ಕಾವಲು, ಅಂದರೆ ತಲೆ ಒರಗಿಸುವಷ್ಟು ನಿದ್ದೆ. ಕಾಡಿನಲ್ಲಿ ಅದಕ್ಕೆ ಇದು ಇಷ್ಟು ಸುಲಭವಾಗಿ ದಕ್ಕುತ್ತಿರಲಿಲ್ಲ. ಹಾಲು, ಉಳುಮೆ, ಮಾಂಸ ಎಲ್ಲ ಪಡೆದವನು ಇಷ್ಟಾದರೂ ಕೊಡದಿದ್ದರೆ ಲೆಕ್ಕ ತೀರ ಕೆಟ್ಟುಹೋಗುತ್ತಿತ್ತು. ಈಗ ಟ್ರ್ಯಾಕ್ಟರ್ ಬಂದು ಲೆಕ್ಕ ಬೇರೆಯಾಗಿದೆ. ಮಾನ್ವಿ ಕಡೆಯ ಎಡದಂಡೆ ಕಾಲುವೆಯ ಭತ್ತದ ಕ್ಯಾಂಪುಗಳಲ್ಲಿ ಎತ್ತಿನ ಕೊರಳಗಂಟೆ ಕೇಳುವುದೇ ಅಪರೂಪ.

ಮಾನ್ವಿ ಅಂದಮೇಲೆ ದಾಸರು. ವಿಜಯದಾಸರ ಚೀಕಲಪರ್ವಿ ಈ ತಾಲ್ಲೂಕಿನದು, ಜಗನ್ನಾಥದಾಸರು ಮಾನ್ವಿಯಲ್ಲೇ ಇದ್ದವರು, ಗೋಪಾಲದಾಸರ ಮೊಸರಕಲ್ಲು ದೇವದುರ್ಗದ ಕಡೆ. ದಾಸರ ಮನೆಗಳಲ್ಲಿ ದೇವರಿಗೂ ನಿದ್ದೆಯ ವೇಳಾಪಟ್ಟಿ ಇದೆ. ಬೆಳಿಗ್ಗೆ ಹಾಡಿ ಎಬ್ಬಿಸಬೇಕು, ರಾತ್ರಿ ತೊಟ್ಟಿಲು ತೂಗಿ ಮಲಗಿಸಬೇಕು. ಆಷಾಢದ ಏಕಾದಶಿಗೆ ಮಲಗಿದ ವಿಷ್ಣು ಕಾರ್ತಿಕದಲ್ಲೇ ಏಳುವುದು. ಮಳೆಗಾಲವಿಡೀ ರೈತ ಹೊಲದಲ್ಲಿ ಸಾಯುತ್ತಿರುವಾಗ ದೇವರದು ಪೂರಾ ನಾಲ್ಕು ತಿಂಗಳ ರಜೆ ಎಂದು ನಮ್ಮಜ್ಜಿ ಗೊಣಗುತ್ತಿದ್ದಳು. ಆದರೆ ಆ ದೇವರು ಆರಿಸಿಕೊಂಡ ಹಾಸಿಗೆ ನೋಡಿ. ಹಾವಿಗೆ ರೆಪ್ಪೆಯೇ ಇಲ್ಲ. ಕಣ್ಣಿನ ಮೇಲೆ ಪಾರದರ್ಶಕವಾದ ಒಂದು ಹುರುಪೆ ಇದೆ, ಪೊರೆ ಬಿಡುವಾಗ ಅದೂ ಕಳಚುತ್ತದೆ. ಹಾವು ಮಲಗಿದರೂ ಕಣ್ಣು ತೆರೆದೇ ಇರುತ್ತದೆ. ಮುಚ್ಚಲಾಗದ ಕಣ್ಣುಗಳ ಸಾವಿರ ಹೆಡೆ ಮೇಲೆ ಎತ್ತಿ ನಿಂತಿರುವಾಗ ಯಾರಿಗೆ ತಾನೇ ನಿದ್ದೆ ಬರಲಿಕ್ಕಿಲ್ಲ! ಕಾವಲಿನ ಲೆಕ್ಕ ವೈಕುಂಠಕ್ಕೂ ತಪ್ಪಿಲ್ಲ.

ನಮ್ಮ ಕೃಷ್ಣೆಯಲ್ಲಿ ತೆರೆದ ಕಣ್ಣಿನ ಇನ್ನೊಬ್ಬರಿದ್ದಾರೆ. ಕುರುಗಡ್ಡೆ, ಕುರ್ವಕುಲಾದಂಥ ನಡುಗಡ್ಡೆಗಳಿಗೆ ತೆಪ್ಪದಲ್ಲಿ ದಾಟುವವರಿಗೆ ಬಂಡೆಯ ಮೇಲೆ ಬಾಯಿ ತೆರೆದು ಬಿದ್ದ ಮೊಸಳೆ ಹೊಸದಲ್ಲ. ಬಾಯಿ ತೆರೆದದ್ದು ಸಿಟ್ಟಿಗಲ್ಲ, ತಲೆಯ ಕಾವು ಇಳಿಸಿಕೊಳ್ಳಲು. ತೀರ ಬಿಸಿಲಾದರೆ ದಂಡೆಯಲ್ಲಿ ಗವಿ ತೋಡಿ ಒಳಗೆ ಸೇರುತ್ತದೆ. ಆಸ್ಟ್ರೇಲಿಯದ ಲಾ ಟ್ರೋಬ್ ವಿಶ್ವವಿದ್ಯಾಲಯದವರು ಅಲ್ಲಿನ ಉಪ್ಪುನೀರಿನ ಮೊಸಳೆಯ ಮರಿಗಳನ್ನು ಕ್ಯಾಮೆರಾದಲ್ಲಿ ನೋಡಿ 2015ರಲ್ಲಿ ಬರೆದರು: ಒಂದೇ ಕಣ್ಣು ತೆರೆದು ಮಲಗುವುದು ಅವಕ್ಕೆ ಸಾಧ್ಯ. ಕೋಣೆಗೆ ಮನುಷ್ಯ ಬಂದರೆ ಆ ಒಂದು ಕಣ್ಣು ಅವನ ಕಡೆಯದೇ ಆಗಿರುತ್ತದೆ, ಅವನು ಹೋದ ಮೇಲೂ ಸ್ವಲ್ಪ ಹೊತ್ತು ಅವನು ನಿಂತಿದ್ದ ಕಡೆಗೇ. ಮೊಸಳೆಗೆ ನಮ್ಮ ಮೇಲೆ ಭರವಸೆ ಇಲ್ಲ. ತೆಪ್ಪದವರಿಗೂ ಅದರ ಮೇಲೆ ಇಲ್ಲ, ಸರಿಹೋಯಿತು.

ಒಂದು ಕಣ್ಣಿನ ನಿದ್ದೆಯ ನಿಜವಾದ ಪಂಡಿತರು ಬಾತುಗಳು. ಚಳಿಗಾಲದಲ್ಲಿ ಮಾನ್ವಿ ಕಡೆಯ ಕೆರೆದಂಡೆಯಲ್ಲಿ ಕೊಕ್ಕು ಬೆನ್ನಿಗೆ ಸಿಕ್ಕಿಸಿ ಸಾಲಾಗಿ ಕೂತಿರುತ್ತವೆ. ಅಮೆರಿಕದಲ್ಲಿ ರಾಟನ್‌ಬೋರ್ಗ್ ಮತ್ತು ಗೆಳೆಯರು ನಾಲ್ಕು ಬಾತುಗಳನ್ನು ಸಾಲಿನಲ್ಲಿ ಮಲಗಿಸಿ ನೋಡಿದರು. ನಡುವಿನ ಎರಡು ಎರಡೂ ಕಣ್ಣು ಮುಚ್ಚಿದವು. ಕೊನೆಯ ಎರಡು ಹೊರಗಿನ ಕಡೆಯ ಕಣ್ಣು ತೆರೆದಿಟ್ಟು ಮಿದುಳಿನ ಅರ್ಧಕ್ಕೆ ಮಾತ್ರ ನಿದ್ದೆ ಕೊಟ್ಟವು. ಇದು 1999ರ ಮಾತು. ಅದೇ ರಾಟನ್‌ಬೋರ್ಗ್ 2016ರಲ್ಲಿ ಗ್ಯಾಲಪಗಸ್ ದ್ವೀಪದ ಫ್ರಿಗೇಟ್ ಹಕ್ಕಿಗಳ ತಲೆಗೆ ಯಂತ್ರ ಕಟ್ಟಿ, ಅವು ಸಮುದ್ರದ ಮೇಲೆ ಹಾರುತ್ತಲೇ ದಿನಕ್ಕೆ ಸರಾಸರಿ 42 ನಿಮಿಷ ಮಲಗುತ್ತವೆ ಎಂದು ತೋರಿಸಿದರು. ನೆಲಕ್ಕೆ ಇಳಿದ ಮೇಲೆ ಮಾತ್ರ ಹನ್ನೆರಡು ಗಂಟೆ ಮೀರಿ. ಊರಿಗೆ ಬಂದ ಲಾರಿ ಡ್ರೈವರುಗಳು ಎರಡು ದಿನ ಮುಸುಕು ತೆಗೆಯದಿರುವುದು ನನಗೆ ಗೊತ್ತಿದೆ, ದಾರಿಯ 42 ನಿಮಿಷದ ಸುದ್ದಿ ಎತ್ತುವುದು ಬೇಡ.

ಕಪ್ಪೆಯದು ಇವರೆಲ್ಲರಿಗಿಂತ ಉದ್ದದ ಕತೆ. ಎರೆಹೊಲ ಮಾರ್ಚಿಗೆ ಬಿರಿಯುತ್ತದೆ, ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು. ಬಿಲ ತೋಡುವ ಜಾತಿಯ ದಪ್ಪ ಕಪ್ಪೆಗಳು ಹಿಂಗಾಲಿನಿಂದ ಮಣ್ಣು ತೋಡುತ್ತ ಹಿಮ್ಮುಖವಾಗಿ ನೆಲದೊಳಕ್ಕೆ ಇಳಿದು, ಉಸಿರು ರಕ್ತ ಎಲ್ಲ ನಿಧಾನ ಮಾಡಿಕೊಂಡು ಮಳೆಗಾಗಿ ಬಿದ್ದಿರುತ್ತವೆ. ನಮ್ಮ ಜನ ಮಳೆ ತಡವಾದರೆ ಕಪ್ಪೆಗಳನ್ನು ಹಿಡಿದು ತಂದು ಮದುವೆ ಮಾಡುತ್ತಾರೆ. ಬಾಸಿಂಗ, ಅಕ್ಷತೆ, ವಾಲಗ ಎಲ್ಲ ಸಾಂಗ. ಹೊದ್ದು ಮಲಗಿದವರನ್ನು ಎಬ್ಬಿಸಿ ಮದುವೆ ಮಾಡಿದರೆ ಅವು ನಮ್ಮ ಪರವಾಗಿ ಮಳೆರಾಯನಿಗೆ ಶಿಫಾರಸು ಮಾಡುತ್ತವೆ ಎಂಬ ನಂಬಿಕೆ ಧೈರ್ಯದ್ದೇ. ಇಷ್ಟು ದಿನದ ಈ ಮಲಗುವಿಕೆಯನ್ನು ನಿದ್ದೆ ಅನ್ನಬಹುದೇ ಎಂದರೆ ಬಲ್ಲವರು ಬೇಡ ಅನ್ನುತ್ತಾರೆ. ಶೀತದೇಶದಲ್ಲಿ ಚಳಿಗಾಲವಿಡೀ ಬಿಲದಲ್ಲಿ ಮರಗಟ್ಟಿ ಬೀಳುವ ನೆಲದ ಅಳಿಲುಗಳಿವೆ. ಅವು ನಡುನಡುವೆ ಕಷ್ಟಪಟ್ಟು ಮೈ ಬಿಸಿ ಮಾಡಿಕೊಂಡು ಮೇಲೇಳುತ್ತವೆ. ಎದ್ದು ಮಾಡುವುದೇನು? ಆ ಹೊತ್ತಿನ ಬಹುಪಾಲು ಮಲಗುತ್ತವೆ! ಮರಗಟ್ಟಿದ್ದಾಗ ಆಗದ ನಿದ್ದೆಯ ಬಾಕಿ ತೀರಿಸಲಿಕ್ಕೆಂದು ಶಾಸ್ತ್ರ ಊಹಿಸುತ್ತದೆ. ತಿಂಗಳುಗಟ್ಟಲೆ ಮಲಗಿದವನಿಗೂ ನಿದ್ದೆ ಬಾಕಿ ಉಳಿಯುತ್ತದೆ ಎಂಬುದನ್ನು ಸರ್ಕಾರಿ ಕಚೇರಿಗಳನ್ನು ಬಲ್ಲ ನಾನು ಸುಲಭವಾಗಿ ನಂಬಿದೆ.

ತೊಗರಿ ಹೂಬಿಡುವ ದಿನಗಳಲ್ಲಿ ದೇವದುರ್ಗದ ಹೊಲಗಳ ಬದುವಿನಲ್ಲಿ ಸೂರ್ಯ ಇಳಿಯುವ ಹೊತ್ತಿಗೆ ಬಗ್ಗಿ ನೋಡಬೇಕು. ಒಣಗಿದ ಕಡ್ಡಿಗೆ ಉಗುರಿನಷ್ಟು ಗಾತ್ರದ ಜೇನಿನ ಜಾತಿಯ ಹುಳುಗಳು ಸಾಲಾಗಿ ಹತ್ತಿಕೊಂಡಿರುತ್ತವೆ. ಹೊಟ್ಟೆಯ ಮೇಲೆ ನೀಲಿ ಪಟ್ಟೆ. ಹಗಲು ಒಂದು ಕ್ಷಣ ನಿಲ್ಲದ ಜಾತಿ ಅದು. ಈಗ ಕಾಲುಗಳನ್ನು ಮಡಚಿಕೊಂಡು, ದವಡೆಯಿಂದ ಮಾತ್ರ ಕಡ್ಡಿಯನ್ನು ಕಚ್ಚಿ ಹಿಡಿದು ನೇತುಬಿದ್ದಿದೆ. ಕಡ್ಡಿ ಅಲುಗಿಸಿದರೆ ಹಾರುವುದಿಲ್ಲ, ಒಂದು ಕಾಲನ್ನು ನಿಧಾನಕ್ಕೆ ಎತ್ತಿ ಬೇಡ ಅಂದ ಹಾಗೆ ಚಾಚಿ ಮತ್ತೆ ಮಡಚುತ್ತದೆ. ಇವೆಲ್ಲ ಗಂಡುಗಳು. ಹೆಣ್ಣಿಗೆ ಮಣ್ಣಿನಲ್ಲಿ ತಾನೇ ತೋಡಿದ ಮನೆಯುಂಟು. ಗಂಡಿಗೆ ಮನೆಯಿಲ್ಲ, ಹೊರಗೆ ಕಡ್ಡಿ ಕಚ್ಚಿಕೊಂಡು ರಾತ್ರಿ ಕಳೆಯಬೇಕು. ಇದನ್ನು ಮನೆಯಲ್ಲಿ ಹೇಳಿದಾಗ ಬಂದ ನಗು ನನಗೆ ಅಷ್ಟಾಗಿ ಹಿಡಿಸಲಿಲ್ಲ.

ಹುಳುವಿನ ಕೆಳಗೂ ನಿದ್ದೆ ಇಳಿದಿದೆ. ಮಿದುಳೇ ಇಲ್ಲದ ಕ್ಯಾಸಿಯೋಪಿಯಾ ಎಂಬ ಅಂಬಲಿ ಮೀನು ರಾತ್ರಿ ಮಿಡಿತ ಕಡಿಮೆ ಮಾಡುತ್ತದೆ, ರಾತ್ರಿಯೆಲ್ಲ ನೀರು ಚಿಮ್ಮಿ ಕಾಡಿದರೆ ಮರುದಿನ ಮಂಕಾಗುತ್ತದೆ ಎಂದು 2017ರಲ್ಲಿ ಗೊತ್ತಾಯಿತು. ಮಿದುಳಿಗೆ ವಿಶ್ರಾಂತಿ ಬೇಕು ಅದಕ್ಕೇ ನಿದ್ದೆ ಎಂಬ ನಮ್ಮ ಸಲೀಸು ವಿವರಣೆಗೆ ಅಲ್ಲಿ ತೊಡಕು ಬಿತ್ತು.

ನಮ್ಮೂರ ಕಾಗೆಗಳ ಪಾಡೂ ಹೀಗೇ ಮಂಕು. ಶಕ್ತಿನಗರದ ಶಾಖೋತ್ಪನ್ನ ಕೇಂದ್ರ 1985ರಿಂದ ಕಲ್ಲಿದ್ದಲು ಸುಡುತ್ತಿದೆ. ಎಂಟು ಘಟಕ ಸೇರಿ 1,720 ಮೆಗಾವಾಟ್ ಸಾಮರ್ಥ್ಯ. ಅದರ ಬೆಳಕು ಬೆಂಗಳೂರಿಗೆ ಎಷ್ಟು ಹೋಗುತ್ತದೋ, ಉಳಿದದ್ದನ್ನು ನಮ್ಮ ಸರ್ಕಲ್ಲುಗಳ ಎತ್ತರದ ದೀಪಸ್ತಂಭಗಳು ಸುರಿಯುತ್ತವೆ. ತೀನ್ ಕಂದೀಲ್‌ಗೆ ಆ ಹೆಸರಿಟ್ಟವರಿಗೆ ಮೂರು ಕಂದೀಲು ಸಾಕಾಗಿದ್ದವು. ಈಗ ನಡುರಾತ್ರಿ ಮರದ ಮೇಲಿನ ಕಾಗೆ ಬೆಳಗಾಯಿತೆಂದು ಎದ್ದು ಕೂಗುತ್ತದೆ. ಕೆಳಗೆ ಆಟೋದವನು ಬಯ್ಯುತ್ತಾನೆ. ಅದು ಸುಮ್ಮನಾಗುತ್ತದೆ. ಕರೆಂಟು ಹೋದ ರಾತ್ರಿ ನಮಗೆ ನಿದ್ದೆ ಇಲ್ಲ, ಕಾಗೆಗಳು ಮಾತ್ರ ಸುಖವಾಗಿ ಮಲಗುತ್ತವೆ.

ಕಾವಲಿನ ನನ್ನ ಸಿದ್ಧಾಂತವನ್ನು ಯಾರಾದರೂ ಬಲ್ಲವರ ಮುಂದೆ ಇಡಬೇಕೆಂದಿದ್ದೆ. ಹೋದ ಬೇಸಿಗೆಯ ಮುಂಚೆ ದೇವದುರ್ಗದ ಹತ್ತಿರ ಗೆಳೆಯರೊಬ್ಬರ ಹೊಲದಲ್ಲಿ ಕುರಿ ನಿಲ್ಲಿಸಿದ್ದರು. ಕುರಿ ಹಿಂಡನ್ನು ರಾತ್ರಿ ಹೊಲದಲ್ಲಿ ತಂಗಿಸಿದರೆ ಗೊಬ್ಬರವಾಗುತ್ತದೆ, ಕುರಿಗಾರರಿಗೆ ದುಡ್ಡೋ ಕಾಳೋ ಸಿಗುತ್ತದೆ. ಕತ್ತಲಾದ ಮೇಲೆ ಹೋದೆ. ಬಲೆ ಕಟ್ಟಿದ ಆವರಣದಲ್ಲಿ ನೂರಾರು ಕುರಿಗಳು ಕೂತಿದ್ದವು, ಎಲ್ಲ ದವಡೆಗಳೂ ಆಡುತ್ತಿದ್ದವು. ಒಂದು ಎದ್ದು ಜಾಗ ಬದಲಿಸಿದರೆ ಪಕ್ಕದ ನಾಲ್ಕು ಏಳುತ್ತಿದ್ದವು, ಮತ್ತೆ ಕೂರುತ್ತಿದ್ದವು. ಮರಿಗಳನ್ನು ಬೇರೆ ಕೂಡಿದ್ದರು, ಅವು ಒಂದರ ಮೇಲೆ ಒಂದು ಬಿದ್ದು ಪೂರಾ ಮೈಮರೆತಿದ್ದವು. ಹಿಂಡಿನ ಯಜಮಾನ ಕಂಬಳಿ ಹಾಸಿ ಬಡಿಗೆ ಪಕ್ಕಕ್ಕಿಟ್ಟುಕೊಂಡು ಎಲೆಅಡಿಕೆ ಹಾಕಿಕೊಳ್ಳುತ್ತಿದ್ದ.

‘ತಾತಾ, ತೋಳ ಬರ್ತಾವೇನು ಈ ಕಡಿ?’

‘ಮೊದ್ಲಿನಷ್ಟು ಇಲ್ಲ ಬಿಡ್ರಿ. ಬಂದ್ರೂ ಒಂದೋ ಎರಡೋ. ಈಗ ಎರಡು ಕಾಲಿನ್ವು ಭಾಳ. ಬೊಲೆರೊ ತಗೊಂಡು ಬರ್ತಾವ.’

‘ರಾತ್ರಿ ಯಾರು ಎದ್ದಿರ್ತೀರಿ?’

‘ಕುರಿ ಮಕ್ಕೊಂಡ್ರ ನಾಯಿ ಎದ್ದಿರ್ತದ. ನಾಯಿ ಮಕ್ಕೊಂಡ್ರ ನಾ ಎದ್ದಿರ್ತೀನಿ.’

‘ನಾಯಿ ಮಕ್ಕೊಂಡದ್ದು ನಿಮಗ ಹ್ಯಾಂಗ ಗೊತ್ತಾಗ್ತದ?’

‘ಕುರಿ ದವಡಿ ನಿಂದರ್ತಾವಲ್ರಿ. ಬುದ್ಧಿ ಇಲ್ಲದ್ವು ಅಂತೀರಿ ನೀವು. ನಾಯಿ ಕಿವಿ ಕೆಳಗ ಬಿತ್ತಂದ್ರ ಅಂಚಿನ ಕುರಿ ಮೆಲುಕು ಬಿಟ್ಟು ಕಿವಿ ಎತ್ತಿ ಕುಂದರ್ತಾವ. ಆ ಸಪ್ಪಳ ನಿಂತ್ರ ನನಗ ಎಚ್ಚರ ಆಗ್ತದ.’

ಅಂಚಿನ ಕುರಿ, ಅಂಚಿನ ಬಾತು! ರಾಟನ್‌ಬೋರ್ಗ್ ಅವರಿಗೆ ಹೇಳಿಕಳಿಸಬೇಕು ಅನ್ನಿಸಿತು. ನನ್ನ ಬಾತಿನ ಕತೆಯನ್ನು ಎಲೆಅಡಿಕೆ ಜಗಿಯುತ್ತ ಅವನು ಪೂರ್ತಿ ಕೇಳಿದ. ಬಾತಿನ ತಲೆಗೆ ವಯರು ಸಿಕ್ಕಿಸಿದ್ದಕ್ಕೆ ಮಾತ್ರ ಅವನ ಒಪ್ಪಿಗೆ ಇರಲಿಲ್ಲ.

‘ಅಲ್ಲ ತಾತಾ, ಕುರಿದೂ ಆಯ್ತು, ನಾಯಿದೂ ಆಯ್ತು. ನಿಮ್ಮ ನಿದ್ದಿ ಯಾವಾಗ?’

‘ಅಮಾಸಿಗೊಮ್ಮಿ ಊರಿಗೆ ಹೋಗ್ತೀನಲ್ರಿ, ಬಸ್ಸಿನ್ಯಾಗ. ಸೀಟು ಸಿಕ್ರ ಸಾಕು, ದೇವದುರ್ಗ ದಾಟೂದ್ರಾಗ ಬಿದ್ದಿರ್ತೀನಿ. ಅಲ್ಲಿ ಡ್ರೈವರ್ ಎದ್ದಿರ್ತಾನ, ಕಂಡಕ್ಟರ್ ಎದ್ದಿರ್ತಾನ. ನನಗೇನು ಕೆಲ್ಸ?’

ಮನೆಯಲ್ಲಿ ಮಲಗಲು ಆಗುವುದಿಲ್ಲವೇ ಎಂದು ಕೇಳಿದೆ. ಅವನು ಎಲೆಅಡಿಕೆ ಪಕ್ಕಕ್ಕೆ ಉಗುಳಿ ನನ್ನ ಕಡೆ ತಿರುಗಿದ.

‘ಮನ್ಯಾಗ ಎಲ್ಲಾರೂ ಮಕ್ಕೊಂಡಿರ್ತಾರ್ರಿ.’